ಗಡ್ಡದ ಓತಿಗೊಂದು ಮನೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ನಮ್ಮ ಹಿರಿಯರು ಎಚ್ಚರಿಕೆ ಹೇಳಿ ಹೋಗಿದ್ದಾರೆ. ಮದುವೆಯ ಮಟ್ಟಿಗೆ ಹೇಳುವುದಾದರೆ, ನನ್ನದನ್ನು ಹಿರಿಯರೇ ಮಾಡಿದರು. ಆದ್ದರಿಂದ ಅದರ ಕಷ್ಟಗಳಲ್ಲಿ ಮೊದಲರ್ಧ ಅವರ ಪಾಲಿಗೂ ಉಳಿದರ್ಧ ನನ್ನ ಪಾಲಿಗೂ ಬಂದಿತು. ಮನೆಯ ಮಾತು ಬೇರೆ. ಕನ್ನಡ ಎಂ.ಎ. ಮಾಡಿ ಕಾಲೇಜಿನಲ್ಲಿ ಪಾಠ ಹೇಳುವವನಿಗೆ ನಲವತ್ತರೊಳಗೆ ಸ್ವಂತ ಮನೆಯ ಯೋಗ ಅಷ್ಟು ಸುಲಭವಾಗಿ ಕೂಡಿ ಬರುವುದಿಲ್ಲ. ಆದರೂ ನಾನೊಂದು ಮನೆಯನ್ನು ಕಟ್ಟಿದ್ದೇನೆ. ನನ್ನ ಕೈಯಿಂದಲೇ ಮರ ಕೊಯ್ದು, ಮೊಳೆ ಹೊಡೆದು, ಎಡಗೈಯ ಹೆಬ್ಬೆರಳನ್ನು ಎರಡು ಸಲ ಜಜ್ಜಿಕೊಂಡು ಕಟ್ಟಿದ್ದೇನೆ. ಅದರ ಉದ್ದ ನಾಲ್ಕು ಅಡಿ. ಅಗಲ ಎರಡು ಅಡಿ. ಎತ್ತರವೂ ಎರಡೇ ಅಡಿ. ಅದರ ಯಜಮಾನ ಒಂದು ಓತಿ.

ವಾಚಕರು ನಗಬಹುದು. ನಗಲಿ. ನಾನೂ ಮೊದಲು ನಕ್ಕವನೇ.

2023ರ ಮೇ ತಿಂಗಳ ಕೊನೆಯಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿರುವ ಅಕ್ಕನ ಮನೆಗೆ ನಾನು ಹೋದೆ. ಇದ್ದ ರಜೆಗೆ ಗಳಿಕೆ ರಜೆಯನ್ನೂ ಸೇರಿಸಿಕೊಂಡು ಎರಡು ತಿಂಗಳ ಬಿಡುವು ಮಾಡಿಕೊಂಡಿದ್ದೆ. ದೇಶ ನೋಡಲು ಹೋಗುತ್ತೇನೆಂದು ಸಹೋದ್ಯೋಗಿಗಳಿಗೆ ಹೇಳಿದೆನಾದರೂ ನಿಜವಾದ ಕಾರಣ ಅಮ್ಮ. ಹಿಂದಿನ ವರ್ಷ ಅಪ್ಪ ತೀರಿಕೊಂಡಿದ್ದರು. ಹಿರಿಯೂರಿನ ಸೀಮೆಯ ನಮ್ಮ ಹಳ್ಳಿಯ ಮನೆಗೆ ಬೀಗ ಹಾಕಿ, ಅಕ್ಕ ಅಮ್ಮನನ್ನು ತನ್ನೊಡನೆ ಕರೆದುಕೊಂಡು ಹೋಗಿದ್ದಳು. ‘ಅಮ್ಮ ಇನ್ನು ಇಲ್ಲೇ ಇದ್ದುಬಿಡಲಿ ಕಣೋ. ಕಾಗದಪತ್ರಗಳ ವಿಷಯ ನಾನು ನೋಡಿಕೊಳ್ಳುತ್ತೇನೆ. ನೀನೊಂದು ಸಲ ಬಂದು ಅವಳನ್ನು ಒಪ್ಪಿಸು. ನಿನ್ನ ಮಾತಾದರೆ ಕೇಳುತ್ತಾಳೆ’ ಎಂದು ಫೋನಿನಲ್ಲಿ ಹೇಳಿದಳು. ನಾನು ಒಪ್ಪಿದೆ. ಸತ್ಯ ಹೇಳಬೇಕಾದರೆ, ಹಾಗೆ ಒಪ್ಪಿಸುವುದು ನನಗೂ ಅನುಕೂಲವೇ ಆಗಿದ್ದಿತು. ತುಮಕೂರಿನಲ್ಲಿ ನಾನೂ ನನ್ನ ಹೆಂಡತಿಯೂ ಬೆಳಗ್ಗೆ ಒಂಬತ್ತಕ್ಕೆ ಮನೆ ಬಿಟ್ಟರೆ ಸಂಜೆ ಆರಕ್ಕೆ ಮರಳುವವರು. ಭಾನುವಾರಕ್ಕೊಮ್ಮೆ ಫೋನಿನ ಗಾಜಿನೊಳಗೆ ಅಮ್ಮನ ಮುಖ ನೋಡಿ, ‘ಊಟವಾಯಿತೇ? ಆರೋಗ್ಯವೇ?’ ಎಂದು ಕೇಳಿ ಮುಗಿಸುವುದು ನನಗೆ ರೂಢಿಯಾಗಿದ್ದಿತು.

ನಾನು ಹೋದಾಗ ಅಲ್ಲಿ ಚಳಿಗಾಲ. ನಮ್ಮ ಕಡೆ ಮುಂಗಾರಿನ ಮೋಡ ಕಟ್ಟುವ ಹೊತ್ತಿಗೆ ಅಲ್ಲಿ ಹಗಲು ಕುಗ್ಗಿ ಒಂಬತ್ತೂವರೆ ಗಂಟೆಗೆ ಇಳಿಯುತ್ತದೆ. ಸೂರ್ಯ ಮೂಡುವುದೇನೋ ಪೂರ್ವದಲ್ಲಿಯೇ. ಆದರೆ ನಡುಹಗಲಿಗೆ ಉತ್ತರದ ದಿಕ್ಕಿನಲ್ಲಿ, ಬಡವನ ಮನೆಗೆ ಬಂದ ನೆಂಟನಂತೆ ತಗ್ಗಿಕೊಂಡು ನಿಲ್ಲುತ್ತಾನೆ. ಆ ಊರಿನಲ್ಲಿ ಉತ್ತರಕ್ಕೆ ಮುಖಮಾಡಿದ ಮನೆಗೇ ಬೆಲೆ. ಅಕ್ಕನ ಮನೆಯಲ್ಲಿ ಉತ್ತರಕ್ಕೊಂದು ದೊಡ್ಡ ಗಾಜಿನ ಕಿಟಕಿಯಿದೆ. ಅಮ್ಮ ದಿನವೆಲ್ಲ ಅದರ ಮುಂದೆ ಕುರ್ಚಿ ಹಾಕಿಕೊಂಡು, ನೆಲದ ಮೇಲೆ ಬಿದ್ದ ಬಿಸಿಲಿನ ತುಂಡು ಸರಿದಂತೆ ತಾನೂ ಕುರ್ಚಿಯನ್ನು ಸರಿಸುತ್ತ ಕುಳಿತಿರುತ್ತಿದ್ದಳು. ಮನೆಯೊಳಗೆ ಚಳಿಯೇನೂ ಇರಲಿಲ್ಲ. ನೆಲದ ಕಿಂಡಿಗಳಿಂದ ಬಿಸಿಗಾಳಿ ಬಂದು, ನಡುಮನೆಗೂ ಅಡುಗೆಮನೆಗೂ ಬಚ್ಚಲಿಗೂ ಒಂದೇ ಸಮನೆ ಇಪ್ಪತ್ತೆರಡು ಡಿಗ್ರಿಯ ಹಿತವನ್ನು ಹಂಚುತ್ತಿದ್ದಿತು. ಆದರೂ ಅಮ್ಮ ಸೊರಗಿದ್ದಳು. ಮಾತು ಕಡಿಮೆಯಾಗಿದ್ದಿತು. ‘ಏನಮ್ಮ, ಇಲ್ಲಿ ಏನು ಕಡಿಮೆ?’ ಎಂದು ಕೇಳಿದರೆ, ‘ಏನೂ ಕಡಿಮೆಯಿಲ್ಲಪ್ಪ’ ಎನ್ನುವಳು. ಏನೂ ಕಡಿಮೆಯಿಲ್ಲ ಎಂದು ತಾಯಂದಿರು ಹೇಳುವ ರೀತಿಯಲ್ಲಿಯೇ ಎಷ್ಟು ಕಡಿಮೆಯಿದೆ ಎಂಬುದು ತಿಳಿಯುತ್ತದೆ. ನಾನು ತಿಳಿಯದವನಂತೆ ಸುಮ್ಮನಾದೆ.

ಓತಿಯ ಪ್ರವೇಶವಾದುದು ಜೂನ್ ತಿಂಗಳ ಮೊದಲ ವಾರದಲ್ಲಿ. ಅಕ್ಕನ ಮಗನಿಗೆ ಹತ್ತು ತುಂಬಿತು. ಅವನನ್ನು ನಾವು ಪುಟ್ಟ ಎಂದೇ ಕರೆಯುವುದು. ವರ್ಷದಿಂದ ಬೇಡಿದ ಉಡುಗೊರೆಯನ್ನು ಭಾವನವರು ಕೊಡಿಸಿದರು. ಅಲ್ಲಿಯವರು ಅದನ್ನು ‘ಬಿಯರ್ಡೆಡ್ ಡ್ರ್ಯಾಗನ್’ ಎನ್ನುತ್ತಾರೆ. ಗಡ್ಡದ ಓತಿ ಎಂದರೆ ನಮಗೆ ಸಾಕು. ವಿಕ್ಟೋರಿಯಾ ರಾಜ್ಯದಲ್ಲಿ ಅದನ್ನು ಸಾಕಲು ಸರಕಾರದ ಪರವಾನಗಿ ಬೇಕು. ಕಾಡಿನಿಂದ ಹಿಡಿದು ತರುವಂತಿಲ್ಲ, ಸಾಕಿದವರ ಮನೆಯಲ್ಲಿ ಹುಟ್ಟಿದ್ದನ್ನೇ ಕೊಳ್ಳಬೇಕು. ಬಂದುದು ಒಂದೂವರೆ ವರ್ಷದ ಗಂಡು. ಮೂಗಿನಿಂದ ಬಾಲದ ತುದಿಗೆ ಒಂದೂವರೆ ಅಡಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಾಲವೇ. ಮರಳಿನ ಬಣ್ಣ. ಗಂಟಲ ಕೆಳಗೂ ಪಕ್ಕೆಗಳ ಉದ್ದಕ್ಕೂ ಮುಳ್ಳಿನ ಸಾಲು.

‘ಅಯ್ಯೋ! ಓತಿಕ್ಯಾತವನ್ನು ಯಾರಾದರೂ ದುಡ್ಡು ಕೊಟ್ಟು ಮನೆಯೊಳಗೆ ತರುತ್ತಾರೆಯೇ!’ ಎಂದು ಅಮ್ಮ ಕುರ್ಚಿಯ ಮೇಲೆ ಕಾಲೆತ್ತಿ ಕುಳಿತಳು. ನಾನು ಬಂದ ಮೇಲೆ ಅವಳು ದನಿಯೆತ್ತಿ ಆಡಿದ ಮೊದಲ ಮಾತು ಅದು.

ಅಮ್ಮನ ಮಾತು ಶಾಸ್ತ್ರಕ್ಕೂ ಸಮ್ಮತವಾದುದೇ. ಗಡ್ಡದ ಓತಿಯೂ ನಮ್ಮ ಬೇಲಿಯ ಓತಿಕ್ಯಾತವೂ ಜೀವಶಾಸ್ತ್ರದ ಲೆಕ್ಕದಲ್ಲಿ ಒಂದೇ ಕುಟುಂಬದವು. ಆ ಕುಟುಂಬಕ್ಕೆ ‘ಅಗಾಮಿಡೇ’ ಎಂದು ಹೆಸರು. ಚಿತ್ರದುರ್ಗದ ಬಂಡೆಗಳ ಮೇಲೆ ಕೆಂಪು ಕಪ್ಪು ಬಣ್ಣ ತಳೆದು ಕೂರುವ ಬಂಡೆ ಓತಿಯೂ ಅದೇ ವಂಶದ್ದು. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯನ್ನು ಪ್ರತಿ ವರ್ಷ ಪಾಠ ಹೇಳುವ ನಾನು, ಅದರಲ್ಲಿ ಅಷ್ಟು ಜನರನ್ನು ಕಾಡು ಸುತ್ತಿಸಿದ ಹಾರುವ ಓತಿಯೂ ಈ ಕುಟುಂಬದ್ದೇ ಎಂಬುದನ್ನು ಕಡಲಾಚೆ ಹೋಗಿ ತಿಳಿಯಬೇಕಾಯಿತು. ಓತಿಗಳ ವಿಷಯದಲ್ಲಿ ನನ್ನ ಪೂರ್ವಚರಿತ್ರೆಯೂ ಒಳ್ಳೆಯದಲ್ಲ. ಹುಡುಗನಾಗಿದ್ದಾಗ ಕಳ್ಳಿಬೇಲಿಯ ಮೇಲೆ ಕುಳಿತು ತಲೆಯಾಡಿಸುವ ಓತಿಯನ್ನು ಕಂಡರೆ, ಅದು ನಮ್ಮನ್ನು ಅಣಕಿಸುತ್ತಿದೆ ಎಂದು ನಾವೆಲ್ಲ ಕಲ್ಲು ಹೊಡೆಯುತ್ತಿದ್ದೆವು. ನನ್ನ ಗುರಿ ಚೆನ್ನಾಗಿದ್ದಿತು. ಇಷ್ಟು ಹೇಳಿದರೆ ಸಾಕು.

ಅಂಗಡಿಯವನು ಓತಿಯ ಜೊತೆಗೆ ಒಂದು ಗಾಜಿನ ತೊಟ್ಟಿಯನ್ನೂ, ವಿದ್ಯುತ್ತಿನಿಂದ ಬಿಸಿಯಾಗುವ ಒಂದು ಕೃತಕ ಕಲ್ಲನ್ನೂ, ಒಂದು ಚೀಲ ಮರಳನ್ನೂ ಮಾರಿದ್ದನು. ತೊಟ್ಟಿ ಎಷ್ಟು ಚಿಕ್ಕದೆಂದರೆ, ಓತಿ ತಿರುಗಬೇಕಾದರೆ ಬಾಲವನ್ನು ಮಡಿಸಬೇಕು. ಪುಟ್ಟ ಅದನ್ನು ಅಜ್ಜಿಯ ಕಿಟಕಿಯ ಬಳಿಯೇ ಇಟ್ಟನು. ಮೂರು ದಿನ ಓತಿ ಏನನ್ನೂ ತಿನ್ನಲಿಲ್ಲ. ಮೈ ಕಪ್ಪಿಟ್ಟಿತು. ಗಾಜನ್ನು ಒಂದೇ ಸಮನೆ ಕೆರೆಯುತ್ತಿದ್ದಿತು. ಸಾಕಾದಾಗ ಮೂಲೆಯಲ್ಲಿ ಕಣ್ಣು ಮುಚ್ಚಿ ಮಲಗಿಬಿಡುತ್ತಿದ್ದಿತು. ಕಾಲೆತ್ತಿ ಕುಳಿತಿದ್ದ ಅಮ್ಮ ಮೂರನೆಯ ದಿನ ಕಾಲಿಳಿಸಿ, ತೊಟ್ಟಿಯ ಬಳಿ ಬಗ್ಗಿ ನೋಡಿದಳು. ‘ಮೈತುಂಬ ಮುಳ್ಳು, ಮುಖದ ತುಂಬ ಗಡ್ಡ. ಶರಶಯ್ಯೆಯ ಮೇಲೆ ಮಲಗಿದ ಭೀಷ್ಮನ ಹಾಗಿದೆ ಕಣೋ! ಉತ್ತರಾಯಣ ಬರಲೆಂದು ಕಾಯುತ್ತಿದೆಯೋ ಏನೋ, ಪಾಪ’ ಎಂದಳು. ಅಂದಿನಿಂದ ಅದರ ಹೆಸರು ಭೀಷ್ಮ ಎಂದಾಯಿತು. ಆದರೆ ಭೀಷ್ಮ ಏಕೆ ಉತ್ತರಾಯಣಕ್ಕೆ ಕಾದನೆಂಬುದನ್ನು ಪುಟ್ಟ ಕೇಳಿ ತಿಳಿದ ಮೇಲೆ ಅಳತೊಡಗಿದನು.

ಭಾವನವರಿಗೆ ಕಚೇರಿಯ ಕೆಲಸ, ಅಕ್ಕನಿಗೂ ಕೆಲಸ. ಮನೆಯಲ್ಲಿ ಕೆಲಸವಿಲ್ಲದ ಗಂಡಸು ನಾನೊಬ್ಬನೇ. ಪುಟ್ಟನೂ ನಾನೂ ಭೀಷ್ಮನನ್ನು ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಬೆಚ್ಚಗೆ ಇಟ್ಟುಕೊಂಡು, ಸರೀಸೃಪಗಳನ್ನು ನೋಡುವ ಪಶುವೈದ್ಯೆಯೊಬ್ಬರ ಬಳಿಗೆ ಹೋದೆವು. ಆಕೆ ಅದನ್ನು ಮೇಲಿನಿಂದ ಹಿಡಿಯದೆ, ಪಕ್ಕದಿಂದ ಕೈಚಾಚಿ, ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು ಎತ್ತಿಕೊಂಡರು. ‘ಇದರ ನೆತ್ತಿಯ ಮೇಲೆ ಬೆಳಕು ನೆರಳುಗಳನ್ನು ಗುರುತಿಸುವ ಮೂರನೆಯ ಕಣ್ಣೊಂದಿದೆ. ಮೇಲಿನಿಂದ ನೆರಳು ಬಿದ್ದರೆ ಹದ್ದು ಬಂದಿತೆಂದು ಹೆದರುತ್ತದೆ’ ಎಂದರು. ಶಿವನಿಗೂ ಭೀಷ್ಮನಿಗೂ ಇರುವ ಈ ಸಾಮ್ಯವನ್ನು ಕೇಳಿ ನನಗೆ ಗೌರವ ಹುಟ್ಟಿತು. ಎಲ್ಲವನ್ನೂ ಪರೀಕ್ಷಿಸಿದ ಮೇಲೆ ಆಕೆ ತೊಟ್ಟಿಯ ವಿವರ ಕೇಳಿದರು. ಹೇಳಿದೆವು. ಆಕೆ ಬರೆದುಕೊಳ್ಳುತ್ತಿದ್ದ ಪೆನ್ನನ್ನು ಕೆಳಗಿಟ್ಟು, ‘ನಿಮ್ಮ ಪ್ರಾಣಿಗೆ ಕಾಯಿಲೆಯಿಲ್ಲ. ನಿಮ್ಮ ಮನೆಗೆ ಕಾಯಿಲೆ’ ಎಂದರು. ಓತಿಯ ಮನೆಯನ್ನು ಕುರಿತು ಆಡಿದ ಮಾತು ಅದು.

ಅನಂತರ ಅರ್ಧ ಗಂಟೆ ನಮಗೆ ಪಾಠವಾಯಿತು. ಪಾಠ ಹೇಳುವವನು ಪಾಠ ಕೇಳಲು ಕುಳಿತರೆ ಎಷ್ಟು ಹಿತವೆಂಬುದನ್ನು ನಾನು ಮರೆತೇಬಿಟ್ಟಿದ್ದೆ. ಭೀಷ್ಮನ ಕುಲ ಆಸ್ಟ್ರೇಲಿಯದ ಒಳನಾಡಿನದು. ಮಳೆ ಕಡಿಮೆಯಾದ, ಕುರುಚಲು ಗಿಡಗಳ, ಕೆಂಪು ಮಣ್ಣಿನ ಬಯಲುಸೀಮೆಯದು. ಇದೇ ರಾಜ್ಯದ ವಾಯವ್ಯ ಮೂಲೆಯ ಮಿಲ್ಡೂರಾದ ಕಡೆ ಅವು ಬೇಲಿಗೂಟಗಳ ಮೇಲೆ ಕುಳಿತು ಬಿಸಿಲು ಕಾಯಿಸುವುದನ್ನು ಕಾಣಬಹುದಂತೆ. ಮಿಲ್ಡೂರಾ ಮೆಲ್ಬರ್ನಿನಿಂದ ಐನೂರು ಕಿಲೋಮೀಟರಿಗೂ ದೂರ. ಮೆಲ್ಬರ್ನಿನ ತೇವ ಚಳಿಯಲ್ಲಿ ಭೀಷ್ಮನೂ ನಮ್ಮಂತೆ ವಲಸೆ ಬಂದವನೇ. ‘ಓತಿಕ್ಯಾತನಿಗೆ ಬೇಲಿಗೂಟ ಸಾಕ್ಷಿ’ ಎಂಬ ನಮ್ಮ ಗಾದೆ ಅಲ್ಲಿಗೂ ಸಲ್ಲುತ್ತದೆ ಎಂದು ಪುಟ್ಟನಿಗೆ ಹೇಳಿದೆ. ಅವನು ‘ಗಾದೆ’ ಎಂದರೇನೆಂದು ಕೇಳಿದನು.

ಇನ್ನು ಮನೆ ಕಟ್ಟುವ ವಿಚಾರ. ಬೆಳೆದ ಒಂದು ಗಡ್ಡದ ಓತಿಗೆ ಕನಿಷ್ಠ 120 ಸೆಂಟಿಮೀಟರ್ ಉದ್ದ, 60 ಅಗಲ, 60 ಎತ್ತರದ ಮನೆ ಬೇಕು. ಒಂದು ಮನೆಯಲ್ಲಿ ಒಂದೇ ಓತಿ; ಎರಡಿದ್ದರೆ ಕಚ್ಚಾಟ. ನಾಲ್ಕು ಕಡೆಯೂ ಗಾಜಾದರೆ ಬಿಸಿ ನಿಲ್ಲದು, ಪ್ರಾಣಿಗೂ ಮರೆಯಿಲ್ಲ. ಆದ್ದರಿಂದ ಮೂರು ಕಡೆ ಮರದ ಹಲಗೆ, ಮುಂದೆ ಮಾತ್ರ ಪಕ್ಕಕ್ಕೆ ಸರಿಯುವ ಗಾಜು. ಗಾಳಿಯಾಡಲು ಒಂದು ಪಕ್ಕದಲ್ಲಿ ಕೆಳಗೊಂದು, ಎದುರು ಪಕ್ಕದಲ್ಲಿ ಮೇಲೊಂದು ಕಿಂಡಿ. ನಾನೂ ಪುಟ್ಟನೂ ಹಲಗೆ, ಗರಗಸ, ಮೊಳೆ, ಅಂಟುಗಳನ್ನು ಕೊಂಡು ತಂದೆವು. ಹಿತ್ತಿಲ ಶೆಡ್ಡಿನಲ್ಲಿ ಕೆಲಸ ಆರಂಭವಾಯಿತು. ಛಂದಸ್ಸಿನಲ್ಲಿ ಮಾತ್ರೆಗಳನ್ನು ಎಣಿಸುವುದರಲ್ಲಿ ತಪ್ಪದ ನಾನು ಹಲಗೆಯ ಮೇಲೆ ಅಂಗುಲಗಳನ್ನು ಎಣಿಸುವಾಗ ತಪ್ಪಿದೆ. ಒಂದು ಹಲಗೆ ಕುಳ್ಳಾಯಿತು, ಇನ್ನೊಂದು ಉದ್ದವಾಯಿತು. ಪುಟ್ಟನೇ ಅಳತೆಯ ಅಧಿಕಾರವನ್ನು ವಹಿಸಿಕೊಂಡನು. ನನ್ನನ್ನು ಗರಗಸಕ್ಕೆ ಇಳಿಸಿದನು. ಸಂದುಗಳಿಗೆ ಮೆತ್ತಿದ ಅಂಟಿನ ವಾಸನೆ ಪೂರ್ತಿ ಆರುವವರೆಗೆ ಪ್ರಾಣಿಯನ್ನು ಒಳಗೆ ಬಿಡಕೂಡದೆಂದು ವೈದ್ಯೆ ಹೇಳಿದ್ದರಿಂದ, ಹಲವು ದಿನ ಬಾಗಿಲು ತೆರೆದಿಟ್ಟು ಕಾದೆವು. ಅಷ್ಟು ದಿನವೂ ಭೀಷ್ಮನಿಗೆ ಭಾವನವರು ತಾತ್ಕಾಲಿಕವಾಗಿ ಒಂದು ದೊಡ್ಡ ಪೆಟ್ಟಿಗೆಯನ್ನೂ ದೀಪಗಳನ್ನೂ ಯಾರಿಂದಲೋ ಎರವಲು ತಂದರು.

ಅಂಗಡಿಯ ಮರಳನ್ನು ಬಿಟ್ಟುಬಿಟ್ಟೆವು. ಸೊರಗಿದ ಓತಿ ಊಟದೊಡನೆ ಅದನ್ನು ನುಂಗಿದರೆ ಹೊಟ್ಟೆ ಕಟ್ಟುವ ಭಯವಿದೆ. ಅದರ ಬದಲು ಒರಟು ಮೈಯ ಟೈಲ್ಸನ್ನು ಹಾಸಿದೆವು. ಬಿಸಿಯಾಗುವ ಆ ಕಲ್ಲನ್ನಂತೂ ಮೊದಲು ಹೊರಗೆಸೆಯಿರೆಂದು ವೈದ್ಯೆ ಹೇಳಿದ್ದರು. ಈ ಪ್ರಾಣಿ ಬಿಸಿಯನ್ನು ಬೆನ್ನಿನಿಂದ ಕುಡಿಯತಕ್ಕದ್ದು. ಸೂರ್ಯ ಇರುವುದು ಮೇಲೆ, ಕೆಳಗಲ್ಲ. ಹೊಟ್ಟೆಯ ಕೆಳಗಿನ ಬಿಸಿ ಮಿತಿಮೀರಿದರೂ ಅದಕ್ಕೆ ಬೇಗ ಗೊತ್ತಾಗುವುದಿಲ್ಲ, ಸುಟ್ಟುಕೊಂಡುಬಿಡುತ್ತದೆ.

ಮೇಲಿನಿಂದ ಬಿಸಿ ಕೊಡುವ ದೀಪವನ್ನು ತೂಗುಹಾಕುವ ಕೆಲಸವನ್ನು ನಾನೇ ವಹಿಸಿಕೊಂಡೆ. ಭೀಷ್ಮ ಎಲ್ಲಿ ಕುಳಿತರೂ ಸಮನಾದ ಹಿತ ದೊರೆಯಲಿ ಎಂಬ ಸದುದ್ದೇಶದಿಂದ ಅದನ್ನು ಮನೆಯ ಸರಿಯಾಗಿ ನಡುವೆ ಕಟ್ಟಿದೆ. ಚಿತ್ರ ತೆಗೆದು ವೈದ್ಯೆಗೆ ಕಳುಹಿಸಿದೆ. ಮೆಚ್ಚುಗೆ ಬರುವುದೆಂದು ಎಣಿಸಿದ್ದೆ. ಬಂದ ಉತ್ತರ ಇಷ್ಟು: ‘ದೀಪ ಒಂದು ತುದಿಗಿರಬೇಕು. ಎಲ್ಲೆಲ್ಲಿಯೂ ಒಂದೇ ಬಿಸಿಯಿರುವ ಮನೆಯಲ್ಲಿ ಅದು ಬದುಕಲಾರದು.’

ಕಾರಣ ಕೇಳಿದಾಗ ತಿಳಿದುದು ಇದು. ನಮಗೆ ಮೈಯೊಳಗೇ ಒಲೆಯಿದೆ. ಚಳಿಯಿರಲಿ ಸೆಕೆಯಿರಲಿ, ಮೈಯ ಉಷ್ಣತೆ ಒಂದೇ. ಓತಿಗೆ ಆ ಒಲೆಯಿಲ್ಲ. ಅದರ ಒಲೆ ಅದರ ಕಾಲುಗಳಲ್ಲಿದೆ ಎನ್ನಬೇಕು. ಉಂಡದ್ದು ಅರಗಬೇಕಾದರೆ ಬಿಸಿಲಿಗೆ ನಡೆಯುತ್ತದೆ. ಸಾಕೆನಿಸಿದರೆ ನೆರಳಿಗೆ ನಡೆಯುತ್ತದೆ. ಆದುದರಿಂದ ಒಂದು ತುದಿಯಲ್ಲಿ, ದೀಪದ ಕೆಳಗಿನ ಕೊಂಬೆಯ ಮೇಲೆ, ನಲವತ್ತು ಡಿಗ್ರಿಯ ಆಸುಪಾಸು ಬಿಸಿಯಿರಬೇಕು. ಇನ್ನೊಂದು ತುದಿ ಇಪ್ಪತ್ತೈದರ ಹತ್ತಿರ ತಂಪಾಗಿರಬೇಕು. ಅಲ್ಲಿಯೇ ಅಡಗಿಕೊಳ್ಳಲು ಒಂದು ಗುಹೆಯೂ ಬೇಕು. ನಡುವಿನ ನಾಲ್ಕಡಿಯಲ್ಲಿ ಎಲ್ಲಿ ಕೂರಬೇಕೆಂಬುದು ಅದರ ಇಷ್ಟ. ಅದಕ್ಕೆ ನಾವು ಕೊಡಬೇಕಾದುದು ಹಿತವನ್ನಲ್ಲ. ಹಿತವನ್ನು ತಾನೇ ಆರಿಸಿಕೊಳ್ಳುವ ಅವಕಾಶವನ್ನು.

ನಾನು ದೀಪವನ್ನು ಬಿಚ್ಚಿ ಒಂದು ತುದಿಗೆ ಕಟ್ಟಿದೆ. ಓತಿ ನೆಗೆದು ಮುಟ್ಟದಂತೆ ಅದರ ಸುತ್ತ ತಂತಿಯ ಬಲೆ ಹೊದಿಸಿದೆ. ಭಾವನವರು ಬಿಸಿ ಮಿತಿಮೀರದಂತೆ ತಡೆಯುವ ಥರ್ಮೋಸ್ಟಾಟನ್ನು ಜೋಡಿಸಿದರು. ಕೋವಿಡ್ ಕಾಲದಲ್ಲಿ ಎಲ್ಲರೂ ನಮ್ಮ ಹಣೆಗೆ ಗುರಿಯಿಡುತ್ತಿದ್ದ ಪಿಸ್ತೂಲಿನಂತಹ ಉಷ್ಣಮಾಪಕವನ್ನು ಪುಟ್ಟ ಕೊಂಬೆಗೆ ಗುರಿಯಿಟ್ಟು, ‘ನಲವತ್ತು!’ ಎಂದು ಕನ್ನಡದಲ್ಲಿಯೇ ಕೂಗಿದನು. ಅಮ್ಮ ಕುರ್ಚಿಯಿಂದ ಎದ್ದು ಬಂದು, ದೀಪದ ಕೆಳಗೆ ಅಂಗೈ ಒಡ್ಡಿ, ‘ನಮ್ಮೂರ ಏಪ್ರಿಲ್ ತಿಂಗಳು’ ಎಂದಳು. ಕೈಯನ್ನು ಬಹಳ ಹೊತ್ತು ತೆಗೆಯಲಿಲ್ಲ.

ಇನ್ನೊಂದು ಪಾಠ ಬಾಕಿಯಿದ್ದಿತು. ಬಿಸಿಯ ದೀಪವಿದ್ದರೆ ಸಾಲದು. ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳನ್ನು ಸೂಸುವ ಒಂದು ಕೊಳವೆ ದೀಪವೂ ಬೇಕು. ಅವುಗಳಲ್ಲಿ ‘ಬಿ’ ಎಂಬ ವರ್ಗದ ಕಿರಣ ಮೈಗೆ ಬಿದ್ದಾಗ ಮಾತ್ರ ಚರ್ಮದಲ್ಲಿ ಜೀವಸತ್ವ ‘ಡಿ’ ಉಂಟಾಗುತ್ತದೆ. ಅದಿಲ್ಲದೆ ತಿಂದ ಆಹಾರದಲ್ಲಿನ ಸುಣ್ಣ ಎಲುಬಿಗೆ ಸೇರದು. ಎಲುಬು ಮೆದುವಾಗಿ, ದವಡೆ ಸೊಟ್ಟಗಾಗಿ, ಕಾಲು ನಡುಗಿ ಓತಿಗಳು ಸಾಯುವುದು ಇದರಿಂದಲೇ. ‘ನಾವು ತೊಟ್ಟಿಯನ್ನು ಬಿಸಿಲು ಬೀಳುವ ಕಿಟಕಿಯ ಹತ್ತಿರವೇ ಇಟ್ಟಿದ್ದೆವಲ್ಲ?’ ಎಂದು ನಾನು ವಾದಿಸಿದೆ. ‘ಗಾಜಿನ ಮೂಲಕ ಬೆಳಕು ಬರುತ್ತದೆ, ಬಿಸಿಯೂ ಬರುತ್ತದೆ, ಆ ಕಿರಣ ಮಾತ್ರ ಬರುವುದಿಲ್ಲ. ಗಾಜಿನ ಹಿಂದೆ ಕುಳಿತವನಿಗೆ ಬಿಸಿಲಿನಲ್ಲಿ ಕುಳಿತಂತೆ ಕಾಣುತ್ತದೆ, ಅಷ್ಟೆ’ ಎಂದರು ವೈದ್ಯೆ.

ಅಂದು ಮನೆಗೆ ಬಂದಾಗ ಅಮ್ಮ ಎಂದಿನಂತೆ ಕಿಟಕಿಯ ಮುಂದೆ ಕುಳಿತಿದ್ದಳು. ಅಡುಗೆಮನೆಯ ಕಪಾಟಿನ ಮೇಲೆ ಅವಳ ರಕ್ತಪರೀಕ್ಷೆಯ ಕಾಗದವಿದ್ದಿತು. ಜೀವಸತ್ವ ‘ಡಿ’ ತೀರ ಕಡಿಮೆ ಎಂದು ಅದರಲ್ಲಿ ಬರೆದಿದ್ದುದನ್ನು ಅಕ್ಕ ನನಗೆ ಬಂದ ದಿನವೇ ತೋರಿಸಿ, ‘ದಿನವೆಲ್ಲ ಬಿಸಿಲಿನಲ್ಲೇ ಕುಳಿತಿರುತ್ತಾಳೆ, ಹೇಗೆ ಕಡಿಮೆಯಾಯಿತೋ ಕಾಣೆ’ ಎಂದಿದ್ದಳು. ಓತಿಯ ಮನೆಯ ವಿಷಯವಾಗಿ ಹತ್ತು ಸಲ ವೈದ್ಯೆಗೆ ಬರೆದ ನಾನು, ಅಮ್ಮನ ಆ ಕಾಗದವನ್ನು ಎರಡನೆಯ ಸಲ ನೋಡಿರಲಿಲ್ಲ.

ನಾನು ಮಾತಾಡದೆ ಅವಳ ಕುರ್ಚಿಯನ್ನು ಎತ್ತಿಕೊಂಡು ಹೋಗಿ ಹಿತ್ತಿಲಿನಲ್ಲಿ, ಗಾಳಿ ಬೀಸದ ಗೋಡೆಯ ಮಗ್ಗುಲಲ್ಲಿ ಇಟ್ಟೆ. ಶಾಲು ಹೊದಿಸಿ, ನಡುಹಗಲ ಬಿಸಿಲಿಗೆ ಕೈಕಾಲು ಒಡ್ಡುವಂತೆ ಕೂರಿಸಿದೆ. ಆ ನಾಡಿನ ಬೇಸಗೆಯ ಬಿಸಿಲು ಚರ್ಮಕ್ಕೆ ಅಪಾಯಕಾರಿ. ಆದರೆ ಚಳಿಗಾಲದ ಎಳೆಬಿಸಿಲಿಗೆ ನಡುಹಗಲಲ್ಲಿ ಹೊರಗೆ ಬರುವುದೇ ಒಳ್ಳೆಯದೆಂದು ಅಲ್ಲಿಯ ವೈದ್ಯರೇ ಹೇಳುತ್ತಾರೆ. ನಮ್ಮಂತಹ ಕಪ್ಪು ಮೈಯವರಿಗಂತೂ ಅದು ಇನ್ನಷ್ಟು ಹೊತ್ತು ಬೇಕು. ಡಾಕ್ಟರು ಕೊಟ್ಟ ಮಾತ್ರೆಗಳನ್ನು ಬಿಡಿಸಲಿಲ್ಲ. ಕಿಟಕಿಯನ್ನು ಮಾತ್ರ ಬಿಡಿಸಿದೆ. ಅಮ್ಮ ಕಣ್ಣುಮುಚ್ಚಿ ಕುಳಿತಳು. ಸ್ವಲ್ಪ ಹೊತ್ತಿನ ಮೇಲೆ, ‘ಗಾಳಿ ಮೈಗೆ ತಾಕಿ ಎಷ್ಟು ದಿನವಾಗಿತ್ತೋ! ಒಳಗೆ ಕುಳಿತರೆ ಹಗಲೂ ಒಂದೇ, ರಾತ್ರಿಯೂ ಒಂದೇ’ ಎಂದಳು.

ಗೃಹಪ್ರವೇಶ ಜೂನ್ 22ರಂದು ನೆರವೇರಿತು. ಅಮ್ಮನೇ ದಿನ ಹೇಳಿದವಳು. ಉತ್ತರಾರ್ಧಗೋಳದವರಾದ ನಮಗೆ ಸೂರ್ಯ ಉತ್ತರಕ್ಕೆ ಹೊರಳಿದರೆ ಪುಣ್ಯಕಾಲ. ದಕ್ಷಿಣದ ಭೀಷ್ಮನಿಗೆ ಅವನು ದಕ್ಷಿಣಕ್ಕೆ ಹೊರಳಬೇಕು. ನಮ್ಮ ಪಂಚಾಂಗದ ದಕ್ಷಿಣಾಯನ ಜುಲೈ ನಡುವಿಗೆ ಬರುವುದಾದರೂ, ಆಕಾಶದಲ್ಲಿ ಸೂರ್ಯ ದಕ್ಷಿಣಕ್ಕೆ ತಿರುಗುವುದು ಜೂನ್ 21–22ರ ಹೊತ್ತಿಗೆ. ಇದನ್ನು ನಾನು ವಿವರಿಸಿದಾಗ ಅಮ್ಮ, ‘ಹಾಗಾದರೆ ಅಂದೇ ಬಿಡಿ. ಇವನ ಪುಣ್ಯಕಾಲ ಪ್ರಾಣ ಬಿಡುವುದಕ್ಕಲ್ಲ, ಪ್ರಾಣ ಬರುವುದಕ್ಕೆ’ ಎಂದಳು. ಭೀಷ್ಮ ಒಳಹೊಕ್ಕು, ಗುಹೆಯಲ್ಲಿ ಒಂದು ಗಂಟೆ ಅಡಗಿ, ಮೆಲ್ಲನೆ ಹೊರಬಂದು, ಕೊಂಬೆಯೇರಿ, ದೀಪದ ಕೆಳಗೆ ಮೈಯನ್ನು ಚಪ್ಪಟೆಯಾಗಿ ಹರಡಿ ಕುಳಿತಿತು. ನೋಡನೋಡುತ್ತ ಕಪ್ಪು ಕರಗಿ ಮೈ ಹೊಂಬಣ್ಣಕ್ಕೆ ತಿರುಗಿತು. ಮರುದಿನ ಊಟ ಮಾಡಿತು. ಮೂರನೆಯ ದಿನ ಅಮ್ಮನನ್ನು ಕಂಡು ಮುಂಗಾಲೊಂದನ್ನು ಎತ್ತಿ ನಿಧಾನವಾಗಿ ಬೀಸಿತು. ‘ನಾನು ನಿನಗೆ ಎದುರಾಳಿಯಲ್ಲ’ ಎಂದು ಹೇಳುವ ಅವುಗಳ ಸಂಕೇತವದು. ಅಮ್ಮ ನಕ್ಕು, ‘ನಮಸ್ಕಾರಪ್ಪ’ ಎಂದಳು.

ಭೀಷ್ಮನ ಅಡುಗೆ ಅಂದಿನಿಂದ ಅಮ್ಮನ ಖಾತೆಗೆ ಬಂದಿತು. ಬೆಳೆದ ಓತಿಗೆ ಸೊಪ್ಪು ತರಕಾರಿಯೇ ಹೆಚ್ಚು, ಹುಳುಹುಪ್ಪಟೆ ಕಡಿಮೆ. ಹುಳುಗಳಿಗೆ ಸುಣ್ಣದ ಪುಡಿ ಹಚ್ಚಿ ಕೊಡುವುದು ಪುಟ್ಟನ ಪಾಲು; ಕೊತ್ತಂಬರಿ ಸೊಪ್ಪನ್ನೂ ಸಿಹಿಗುಂಬಳವನ್ನೂ ಸಣ್ಣಗೆ ಹೆಚ್ಚುವುದು ಅಜ್ಜಿಯ ಪಾಲು. ಪಾಲಕ್ ಸೊಪ್ಪು ಸುಣ್ಣವನ್ನು ಮೈಗೆ ಹತ್ತಗೊಡದೆಂದು ಅದನ್ನು ನಿತ್ಯ ಹಾಕಬಾರದೆಂದಾಗ ಅಮ್ಮನಿಗೆ ನಂಬಿಕೆಯೇ ಬರಲಿಲ್ಲ. ಅಜ್ಜಿ ಮೊಮ್ಮಗನ ನಡುವೆ ಇದುವರೆಗೆ ‘ಊಟ’, ‘ಬೇಡ’ ಎಂಬೆರಡೇ ಮಾತುಗಳಿದ್ದವು. ಈಗ ಕೊಂಬೆ, ನೆರಳು, ಸೊಪ್ಪು, ಬಿಸಿಲುಕಾಯಿಸು ಎಂಬ ಪದಗಳು ಪುಟ್ಟನ ಬಾಯಲ್ಲಿ ಓಡಾಡತೊಡಗಿದವು. ಹನ್ನೆರಡು ವರ್ಷ ಕನ್ನಡ ಕಲಿಸಿದ ನಾನು ಇಷ್ಟು ಬೇಗ ಕಲಿತ ವಿದ್ಯಾರ್ಥಿಯನ್ನು ಕಂಡಿಲ್ಲ.

ಒಂದು ರಾತ್ರಿ ದೀಪಗಳೆಲ್ಲ ಆರಿದ ಮೇಲೆ ನಾನೂ ಅಮ್ಮನೂ ಅದರ ಮುಂದೆ ಕುಳಿತಿದ್ದೆವು. ಭೀಷ್ಮ ಕೊಂಬೆಯನ್ನು ತಬ್ಬಿ ಮಲಗಿದ್ದನು. ಮುಚ್ಚಿದ ರೆಪ್ಪೆಗಳೊಳಗೆ ಕಣ್ಣು ಅಲುಗಿದಂತಾಯಿತು. 2016ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನ ವಿಜ್ಞಾನಿಗಳು ಇದೇ ಜಾತಿಯ ಓತಿಯ ಮಿದುಳನ್ನು ಪರೀಕ್ಷಿಸಿ, ನಮ್ಮ ನಿದ್ರೆಯಲ್ಲಿರುವಂತೆ ಅದರ ನಿದ್ರೆಯಲ್ಲಿಯೂ ಎರಡು ಅವಸ್ಥೆಗಳಿವೆ, ಅವುಗಳಲ್ಲೊಂದು ನಮಗೆ ಕನಸು ಬೀಳುವ ಅವಸ್ಥೆಯನ್ನು ಹೋಲುತ್ತದೆ ಎಂದು ಕಂಡುಕೊಂಡರೆಂದು ಅಮ್ಮನಿಗೆ ಹೇಳಿದೆ.

‘ಹಾಗಾದರೆ ಅದಕ್ಕೂ ಊರು ಕನಸಿನಲ್ಲಿ ಬರುತ್ತದೆಯೇನೋ’ ಎಂದಳು.

‘ಅದು ಊರು ಕಂಡದ್ದೇ ಇಲ್ಲವಮ್ಮ. ಪೆಟ್ಟಿಗೆಯಲ್ಲಿ ಹುಟ್ಟಿದ್ದು.’

‘ಕಾಣದಿದ್ದರೇನು, ಮೈಗೆ ನೆನಪಿರುತ್ತದೆ. ಇಲ್ಲದಿದ್ದರೆ ಬಿಸಿಲು ಕಂಡಕೂಡಲೇ ಹಾಗೆ ಮೈ ಚಾಚುತ್ತಿತ್ತೇ?’ ಎಂದು, ಸ್ವಲ್ಪ ಸುಮ್ಮನಿದ್ದು, ‘ನಿಮ್ಮಪ್ಪ ಹೋದ ಮೇಲೆ ನೀವಿಬ್ಬರೂ ನನಗೆ ಏನೂ ಕಡಿಮೆ ಮಾಡಿಲ್ಲ. ಆದರೆ ನನಗೆ ಎಲ್ಲಿರಬೇಕು ಎಂದು ಯಾರೂ ಕೇಳಲಿಲ್ಲ ಕಣೋ’ ಎಂದಳು.

ಅವಳನ್ನು ಒಪ್ಪಿಸಲು ಬಂದವನು ನಾನು. ಒಪ್ಪಿಸಬೇಕೆಂದು ಕಟ್ಟಿಕೊಂಡು ಬಂದಿದ್ದ ಮಾತುಗಳೆಲ್ಲ ಆ ಕತ್ತಲಲ್ಲಿ ಎಲ್ಲಿಗೆ ಹೋದವ

ೋ ಕಾಣೆ. ‘ಈಗ ಕೇಳುತ್ತೇನೆ, ಹೇಳಮ್ಮ’ ಎಂದೆ. ಅವಳು ಬಹಳ ಹಿಂದೆಯೇ ಲೆಕ್ಕ ಹಾಕಿಟ್ಟಿದ್ದಳು. ಇಲ್ಲಿಯ ಬೇಸಗೆಯ ತಿಂಗಳುಗಳಲ್ಲಿ ಮಗಳ ಮನೆ, ಉಳಿದ ಕಾಲ ಹಳ್ಳಿಯ ಮನೆ. ಪಕ್ಕದಲ್ಲಿ ಅತ್ತೆಯ ಮಗಳಿದ್ದಾಳೆ; ಕೂಗಿದರೆ ಕೇಳುತ್ತದೆ. ‘ನೀನು ಮಾತ್ರ ಹದಿನೈದು ದಿನಕ್ಕೊಮ್ಮೆ ಬರಬೇಕು. ಫೋನಿನಲ್ಲಲ್ಲ’ ಎಂದಳು.

ಅಕ್ಕನಿಗೆ ಹೇಳುವುದು ಸುಲಭವಾಗಲಿಲ್ಲ. ನಾನು ಬುದ್ಧಿವಂತಿಕೆ ತೋರಲು ಹೋಗಿ, ಎರಡು ತುದಿಯ ಮನೆಯ ದೃಷ್ಟಾಂತವನ್ನು ಕೊಟ್ಟೆ. ‘ಅಮ್ಮನನ್ನು ಓತಿಗೆ ಹೋಲಿಸುತ್ತೀಯೇನೋ? ಇಷ್ಟು ದಿನ ನೋಡಿಕೊಂಡದ್ದು ಪೆಟ್ಟಿಗೆಯಲ್ಲಿ ಇಟ್ಟ ಹಾಗಾಯಿತೇ?’ ಎಂದು ಅವಳ ಕಣ್ಣು ತುಂಬಿತು. ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಅವಳ ದುಃಖ ನ್ಯಾಯವಾದುದೇ. ಬೀಗ ಹಾಕಿದ ಮನೆಯಿಂದ ಅಮ್ಮನನ್ನು ಎತ್ತಿಕೊಂಡು ಹೋದವಳು ಅವಳು. ಆಗ ಸುಮ್ಮನಿದ್ದವನು ನಾನು. ಮೂರನೆಯ ದಿನ ಅವಳು ಹಿತ್ತಿಲಿಗೆ ಇನ್ನೊಂದು ಕುರ್ಚಿಯನ್ನು ತಂದು ಅಮ್ಮನ ಪಕ್ಕದಲ್ಲಿ ಹಾಕಿಕೊಂಡು ಕುಳಿತಳು. ಇಬ್ಬರೂ ಏನು ಮಾತಾಡಿದರೋ ನನಗೆ ತಿಳಿಯದು. ಒಳಗೆ ಬಂದವಳು, ‘ನವೆಂಬರಿಗೆ ತಪ್ಪದೆ ಕಳುಹಿಸಬೇಕು’ ಎಂದಷ್ಟೇ ಹೇಳಿದಳು.

ಜುಲೈ ಕೊನೆಯಲ್ಲಿ ಅಮ್ಮ ನನ್ನೊಡನೆ ಊರಿಗೆ ಬಂದಳು. ನವೆಂಬರಿನಲ್ಲಿ ಹೋದಳು, ಬೇಸಗೆ ಮುಗಿಸಿ ಬಂದಳು. ಹೀಗೆ ಎರಡು ಸಲವಾಯಿತು. ಎಂದಾದರೊಂದು ದಿನ ಈ ಓಡಾಟ ಅವಳಿಂದ ಆಗದೆ ಹೋಗಬಹುದು. ಆಗಲೂ ಮೊದಲು ಅವಳನ್ನು ಕೇಳಬೇಕೆಂದು ಅಕ್ಕನೂ ನಾನೂ ಮಾತಾಡಿಕೊಂಡಿದ್ದೇವೆ. ಹದಿನೈದು ದಿನಕ್ಕೊಮ್ಮೆ ಶನಿವಾರ ಸಂಜೆಯ ಬಸ್ಸಿಗೆ ನಾನು ಹಳ್ಳಿಗೆ ಹೋಗುತ್ತೇನೆ. ಬೇಲಿಯ ಮೇಲೆ ಓತಿಕ್ಯಾತ ಕುಳಿತು ತಲೆಯಾಡಿಸಿದರೆ ಈಗ ನಾನೂ ತಲೆಯಾಡಿಸುತ್ತೇನೆ. ಹುಡುಗರು ಕಲ್ಲೆತ್ತಿದರೆ ಗದರುತ್ತೇನೆ. ಹಿಡಿದು ಪೆಟ್ಟಿಗೆಗೆ ಹಾಕಹೊರಟರೆ ಇನ್ನೂ ಹೆಚ್ಚು ಗದರುತ್ತೇನೆ. ಬೇಲಿಯೆಂಬ ಮನೆಯನ್ನು ನಾವು ಕಟ್ಟಿಕೊಡಬೇಕಾಗಿಲ್ಲ. ಅದು ಕಟ್ಟಿಯೇ ಇದೆ.

ಭೀಷ್ಮನ ಮನೆಯ ಕಿರಣದ ಕೊಳವೆಯನ್ನು ವರ್ಷಕ್ಕೊಮ್ಮೆಯಾದರೂ ಬದಲಿಸಬೇಕು. ದೀಪ ಉರಿಯುತ್ತಲೇ ಇರುತ್ತದೆ, ಬೆಳಕೂ ಕುಂದುವುದಿಲ್ಲ. ಆದರೆ ಬೇಕಾದ ಕಿರಣ ಕಾಲಕ್ರಮದಲ್ಲಿ ಕ್ಷೀಣಿಸಿರುತ್ತದೆ. ಮೊದಲ ವರ್ಷ ತುಂಬಿದಾಗ ಪುಟ್ಟ ಫೋನು ಮಾಡಿ, ಹಳೆಯ ಕೊಳವೆಯನ್ನು ಕೈಯಲ್ಲಿ ಹಿಡಿದು ತೋರಿಸಿ, ತನ್ನ ತೊದಲು ಕನ್ನಡದಲ್ಲಿ ಹೇಳಿದನು:

‘ಮಾಮ, ಇದರಲ್ಲಿ ಬೆಳಕು ಇದೆ. ಬಿಸಿಲು ಇಲ್ಲ.’

ಅಂದು ಭಾನುವಾರ. ನಾನು ಹಳ್ಳಿಯ ಜಗುಲಿಯ ಮೇಲೆ ಕುಳಿತಿದ್ದೆ. ಎದುರಿನ ಅಂಗಳದಲ್ಲಿ ಅಮ್ಮ ಹಪ್ಪಳ ಒಣಹಾಕುತ್ತಿದ್ದಳು. ಫೋನನ್ನು ಮಡಿಲಲ್ಲಿಟ್ಟು, ಎದ್ದು ಹೋಗಿ, ನಾನೂ ಅವಳೊಡನೆ ಹಪ್ಪಳ ಹರವತೊಡಗಿದೆ.